ಅವ್ವನ ಮಂಡಿ ಆಪರೇಷನ್‌ಗೆ ಎರಡು ಬಾಟಲ್ ರಕ್ತ ರೆಡಿ ಮಾಡ್ಕೊಳ್ಳಿ ಅಂದಿದ್ದಾರೆ. ರಕ್ತ ಹಾಕಿಸದೆ ಆಗೋದಿಲ್ವಾ?

ಮಳವಳ್ಳಿ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮವ್ವನಿಗೆ 64 ವರ್ಷ, ತೂಕ 52 ಕೆಜಿ. ಎರಡೂ ಮಂಡಿ ಸವೆದು ಕಾಲು ಬಿಲ್ಲಿನಂಗೆ ಬಾಗಿವೆ. ಮನೆಯಿಂದ ಹಟ್ಟಿಗೆ ಹೋಗೋಕೂ ಗೋಡೆ ಹಿಡೀಬೇಕು. ಮೈಸೂರಿನಲ್ಲಿ ತೋರಿಸಿದ್ವಿ, ಮೊದಲು ಬಲಗಾಲಿಗೆ ಕೀಲು ಬದಲಿ ಮಾಡೋಣ ಅಂತ ಮುಂದಿನ ತಿಂಗಳು ಡೇಟ್ ಕೊಟ್ಟಿದ್ದಾರೆ. ರಕ್ತ ಪರೀಕ್ಷೆಲಿ ಎಚ್‌ಬಿ (ಹಿಮೋಗ್ಲೋಬಿನ್) 9.8 ಬಂತು. "ಎರಡು ಬಾಟಲ್ ರಕ್ತ ಬೇಕಾಗುತ್ತೆ, ಡೋನರ್ ಕರ್ಕೊಂಡು ಬನ್ನಿ" ಅಂತ ಕೌಂಟರಲ್ಲಿ ಹೇಳಿ ಕಳಿಸಿದ್ರು. ನಮ್ಮ ಚಿಕ್ಕಮ್ಮನಿಗೆ ಹಿಂದೆ ರಕ್ತ ಹಾಕುವಾಗ ಮೈಯೆಲ್ಲ ನಡುಗಿ ಜ್ವರ ಏರಿ ಅರ್ಧಕ್ಕೇ ನಿಲ್ಲಿಸಿದ್ರು. ಅವ್ವ ಅದನ್ನ ಪಕ್ಕದಲ್ಲೇ ಕೂತು ನೋಡಿದ್ದಾರೆ. ಈಗ "ರಕ್ತ ಹಾಕೋದಾದ್ರೆ ಆಪರೇಷನ್ನೇ ಬೇಡ" ಅಂತ ಕೂತಿದ್ದಾರೆ. ರಕ್ತ ಹಾಕಿಸೋ ಅಗತ್ಯ ಬರದ ಹಾಗೆ ಮೊದಲೇ ಏನಾದ್ರೂ ಮಾಡಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ಸರಸ್ವತೀಪುರಂ ವಾಸಿ:
ತಂಗಿ, ಇಷ್ಟು ಹೆದರಬೇಡಿ. ನಮ್ಮ ಅತ್ತೆಗೆ ಎರಡೂ ಮಂಡಿ ಒಂದೇ ದಿನ ಮಾಡಿದ್ರು, ಎರಡು ಬಾಟಲ್ ರಕ್ತ ಹಾಕಿದ್ರು, ಏನೂ ಆಗಲಿಲ್ಲ. ಈಗ ಬೆಳಿಗ್ಗೆ ಪಾರ್ಕಿಗೆ ಹೋಗಿ ಬರ್ತಾರೆ. ರಕ್ತ ಹಾಕಿದ್ರೆ ಬೇಗ ಚೇತರಿಸ್ಕೋತಾರೆ ಅಂತಲೇ ನನ್ನ ಅನಿಸಿಕೆ.

ನಿವೃತ್ತ ಅರಿವಳಿಕೆ ವೈದ್ಯ, ಮೈಸೂರು:
ನಿಮ್ಮ ತಾಯಿಯವರಿಗೆ ಧೈರ್ಯ ಹೇಳಿ. ರಕ್ತವೇ ಬೇಕಾಗುವುದಿಲ್ಲ ಎಂದು ಯಾರೂ ಬರೆದುಕೊಡಲಾರರು. ಆದರೆ ಅದರ ಅಗತ್ಯವನ್ನು ಬಹುಪಾಲು ತಪ್ಪಿಸಬಹುದು, ಮತ್ತು ಆ ಕೆಲಸ ಆಪರೇಷನ್ ಥಿಯೇಟರಿನಲ್ಲಿ ಅಲ್ಲ, ಈಗಲೇ ಶುರುವಾಗಬೇಕು.

ಮಂಡಿ ಕೀಲು ಬದಲಿಯಲ್ಲಿ ರಕ್ತ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ತೊಡೆಗೆ ಪಟ್ಟಿ ಬಿಗಿದು ಮಾಡುವುದರಿಂದ ಆಪರೇಷನ್ ನಡೆಯುವಾಗ ಕಣ್ಣಿಗೆ ಕಾಣುವ ರಕ್ತ ಕಡಿಮೆ. ಪಟ್ಟಿ ಸಡಿಲಿಸಿದ ಮೇಲೆ ಕೊಯ್ದ ಮೂಳೆಯ ತುದಿಗಳಿಂದ, ಸರಳು ಇಳಿಸಲು ಕೊರೆದ ಮಜ್ಜೆಯ ಕಾಲುವೆಯಿಂದ ರಕ್ತ ಒಸರಿ ಕೀಲಿನೊಳಗೆ, ಸ್ನಾಯುಗಳ ನಡುವೆ ಇಂಗುತ್ತದೆ. ಅದು ಗಾಯದ ರಕ್ತ ಹೀರಿ ತುಂಬುವ ಬಾಟಲಿಯಲ್ಲೂ ಕಾಣುವುದಿಲ್ಲ, ಬ್ಯಾಂಡೇಜಿನಲ್ಲೂ ಕಾಣುವುದಿಲ್ಲ. ರಕ್ತ ಉಳಿಸುವ ಔಷಧಿ ಯಾವುದನ್ನೂ ಕೊಡದಿದ್ದರೆ ಒಟ್ಟು ನಷ್ಟ ಒಂದು ಲೀಟರ್ ದಾಟುವುದು ಅಪರೂಪವೇನಲ್ಲ. ಹಿಮೋಗ್ಲೋಬಿನ್ 2ರಿಂದ 3 ಗ್ರಾಂ ಇಳಿಯುತ್ತದೆ, ಅದೂ ಎರಡನೇ ದಿನದಿಂದ ನಾಲ್ಕನೇ ದಿನದ ಒಳಗೆ ತಳ ಮುಟ್ಟುತ್ತದೆ.

ಈಗ ನಿಮ್ಮ ತಾಯಿಯ ಲೆಕ್ಕ ನೋಡಿ. ಕೆಜಿಗೆ ಸುಮಾರು 65 ಮಿಲಿಲೀಟರ್ ಹಿಡಿದರೂ 52 ಕೆಜಿಯ ಹೆಂಗಸಿನ ಮೈಯಲ್ಲಿರುವುದು ಮೂರೂವರೆ ಲೀಟರಿಗಿಂತ ಕಡಿಮೆ ರಕ್ತ. 80 ಕೆಜಿ ಗಂಡಸು ತಡೆದುಕೊಳ್ಳುವ ನಷ್ಟವೇ ಇವರಿಗೆ ದೊಡ್ಡದಾಗುತ್ತದೆ. 9.8ರಿಂದ ಹೊರಟು 3 ಗ್ರಾಂ ಇಳಿದರೆ 6.8, ಆಗ ರಕ್ತ ಹಾಕಲೇಬೇಕು. 12.5ರಿಂದ ಹೊರಟು ಅಷ್ಟೇ ಇಳಿದರೆ 9.5, ಆಗ ಬೇಕಾಗುವುದಿಲ್ಲ. ಕೀಲಿನ ಸವೆತ ಕೆಲವು ವಾರ ಕಾಯಬಲ್ಲದು. ಬಿದ್ದು ಮೂಳೆ ಮುರಿದಿದ್ದರೆ ಮಾತು ಬೇರೆ. ಆದ್ದರಿಂದ ದಿನಾಂಕ ಮುಂದೂಡಲು ಸಾಧ್ಯವೇ ಎಂದು ಶಸ್ತ್ರವೈದ್ಯರನ್ನು ಕೇಳಿ, ಮತ್ತು ರಕ್ತ ಯಾಕೆ ಕಮ್ಮಿಯಾಗಿದೆ ಎಂದು ಹುಡುಕಿಸಿ. ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ವರದಿಯ ಉಳಿದ ಅಂಕಿಗಳನ್ನೂ, ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಇಲ್ಲಿ ಬರೆಯಿರಿ.

ಮಳವಳ್ಳಿ ಮಗಳು:
ತುಂಬಾ ಥ್ಯಾಂಕ್ಸ್ ಸರ್. ವರದಿಲಿ ಎಂಸಿವಿ 69 ಅಂತಿದೆ. ಮಾತ್ರೆ ಅಂದ್ರೆ ಶುಗರ್‌ಗೆ ಮೆಟ್‌ಫಾರ್ಮಿನ್, ಬಿಪಿಗೆ ಒಂದು, ಕ್ಯಾಲ್ಸಿಯಂ. ಮತ್ತೆ ಮಂಡಿ ನೋವಿಗೆ ಮೆಡಿಕಲ್ ಸ್ಟೋರಿಂದ ತರೋ ಡೈಕ್ಲೋಫೆನಾಕ್, ಅದರ ಜೊತೆ ಗ್ಯಾಸ್ ಮಾತ್ರೆ. ನೋವಿನ ಮಾತ್ರೆ ವರ್ಷಗಳಿಂದ ನಡೀತಿದೆ.

ಲ್ಯಾಬ್ ಕೆಲಸದವನು, ಮಂಡ್ಯ:
ಅಕ್ಕ, ಎಂಸಿವಿ ಅಂದ್ರೆ ಕೆಂಪು ರಕ್ತಕಣದ ಸರಾಸರಿ ಗಾತ್ರ. 80ಕ್ಕಿಂತ ಕಮ್ಮಿ ಇದ್ರೆ ಕಣ ಚಿಕ್ಕದಾಗಿದೆ ಅಂತ. ಹೆಚ್ಚಾಗಿ ಕಾರಣ ಕಬ್ಬಿಣದ ಕೊರತೆ, ಆದ್ರೆ ಊಹೆ ಮೇಲೆ ಹೋಗಬೇಡಿ. ಸೀರಂ ಫೆರಿಟಿನ್ ಮಾಡಿಸಿ. 30ಕ್ಕಿಂತ ಕೆಳಗಿದ್ರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿಯಾಗಿದೆ ಅಂತಲೇ ಅರ್ಥ. ಉರಿಯೂತ ಇದ್ದಾಗ ಫೆರಿಟಿನ್ ಸುಳ್ಳು ಏರಿಕೆ ತೋರಿಸುತ್ತೆ. ಅದಕ್ಕೇ 100ರ ತನಕ ಬಂದ್ರೂ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್ (ರಕ್ತದಲ್ಲಿ ಕಬ್ಬಿಣ ಹೊರೋ ಪ್ರೋಟೀನ್ ಎಷ್ಟು ಪಾಲು ತುಂಬಿದೆ ಅನ್ನೋದು) ಜೊತೆಲಿ ನೋಡ್ತಾರೆ, ಅದು ನೂರಕ್ಕೆ 20ಕ್ಕಿಂತ ಕಮ್ಮಿ ಇದ್ರೆ ಕೊರತೆ ಇದೆ ಅಂತ. ಫೆರಿಟಿನ್ ಸರಿಯಾಗಿದ್ದೂ ಎಂಸಿವಿ ಮಾತ್ರ ಕಮ್ಮಿ ಇದ್ರೆ ಥಲಸೀಮಿಯಾ (ಹುಟ್ಟಿನಿಂದ ಬರೋ ಹಿಮೋಗ್ಲೋಬಿನ್ ದೋಷ) ವಾಹಕರಾ ಅಂತ ಹಿಮೋಗ್ಲೋಬಿನ್ ಬಗೆ ನೋಡೋ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಬೇಕು. ಅಂಥವರಿಗೆ ಸುಮ್ಮನೆ ಕಬ್ಬಿಣ ಕೊಟ್ರೆ ಉಪಯೋಗವಿಲ್ಲ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡೋರಿಗೆ ಬಿ12 ಇಳಿಯುತ್ತೆ, ಅದನ್ನೂ ಒಟ್ಟಿಗೆ ಬರೆಸಿ.

ನಿವೃತ್ತ ಅರಿವಳಿಕೆ ವೈದ್ಯ, ಮೈಸೂರು:
ಆ ನೋವಿನ ಮಾತ್ರೆಯ ವಿಷಯದಲ್ಲೇ ನನಗೆ ಹೆಚ್ಚು ಅನುಮಾನ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರೆದು ಹುಣ್ಣು ಮಾಡುತ್ತವೆ. ಅಲ್ಲಿಂದ ದಿನಕ್ಕೆ ಕೆಲವೇ ಮಿಲಿಲೀಟರ್ ರಕ್ತ ಸೋರಿದರೂ ಸಾಕು, ವರ್ಷ ಕಳೆಯುವಷ್ಟರಲ್ಲಿ ಕಬ್ಬಿಣ ಬರಿದಾಗುತ್ತದೆ. ನೋವೂ ಕಾಣಿಸದಿರಬಹುದು, ಕಪ್ಪು ಮಲವೂ ಕಾಣಿಸದಿರಬಹುದು. ಗ್ಯಾಸ್ ಮಾತ್ರೆ ಹುಣ್ಣನ್ನು ತಡೆಯುತ್ತದೆ ನಿಜ, ಆದರೆ ಬಹುಕಾಲ ನುಂಗಿದರೆ ಕಬ್ಬಿಣ ಮತ್ತು ಬಿ12 ಹೀರಿಕೆಯೂ ತಗ್ಗುತ್ತದೆ. ಮಂಡಿ ನೋವಿನವರಲ್ಲಿ ರಕ್ತಹೀನತೆ ಇಷ್ಟೊಂದು ಕಾಣಲು ಇದು ದೊಡ್ಡ ಕಾರಣ. ಸೋರಿಕೆ ನಿಲ್ಲಿಸದೆ ಕಬ್ಬಿಣ ಕೊಡುವುದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಮಲದಲ್ಲಿ ಗುಪ್ತ ರಕ್ತದ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಕಬ್ಬಿಣದ ಕೊರತೆ ಖಚಿತವಾದರೆ ಎಂಡೋಸ್ಕೋಪಿ (ಕ್ಯಾಮೆರಾ ಕೊಳವೆ ಇಳಿಸಿ ಹೊಟ್ಟೆಯ ಒಳಗೆ ನೋಡುವುದು) ಬೇಕೇ ಎಂದು ಫಿಸಿಷಿಯನ್ ಹತ್ತಿರ ಕೇಳಲೇಬೇಕು. ಕರುಳಿನ ಗಡ್ಡೆಯೂ ಒಮ್ಮೊಮ್ಮೆ ಹೀಗೇ ಮೊದಲು ರಕ್ತ ಕಮ್ಮಿಯಾಗಿ ಕಾಣಿಸಿಕೊಳ್ಳುತ್ತದೆ.

ಪಾಂಡವಪುರ ರೈತ:
ನಾನು ಹೇಳೋದು ಕೇಳಮ್ಮ. ನಮ್ ಕಡೆ ರಕ್ತ ಕಮ್ಮಿ ಅಂದ್ರೆ ಬೆಲ್ಲ, ಬೀಟ್‌ರೂಟು, ಖರ್ಜೂರ, ರಾಗಿ ಮುದ್ದೆ. ಆಲೆಮನೆ ಬೆಲ್ಲ ದಿನಾ ಒಂದು ಅಚ್ಚು ತಿಂದ್ರೆ ಸಾಕಾಗಲ್ವಾ? ಇಂಜೆಕ್ಷನ್ನು ಗಿಂಜೆಕ್ಷನ್ನು ಯಾಕೆ?

ಆಹಾರ ತಜ್ಞೆ, ಕುವೆಂಪುನಗರ:
ಅಣ್ಣ, ಊಟ ಬಿಡಿ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಆಪರೇಷನ್ ದಿನ ಹತ್ತಿರ ಇದ್ದಾಗ ಊಟ ಒಂದನ್ನೇ ನಂಬಿದ್ರೆ ಆಗಲ್ಲ. ರಾಗಿಲಿ 100 ಗ್ರಾಂಗೆ ಸುಮಾರು 4.6 ಮಿಲಿಗ್ರಾಂ ಕಬ್ಬಿಣ ಇದೆ, ಆದ್ರೆ ಅದರಲ್ಲಿರೋ ಫೈಟೇಟು, ಟ್ಯಾನಿನ್ನು, ಸುಣ್ಣದಂಶ ಆ ಕಬ್ಬಿಣವನ್ನ ಪೂರ್ತಿ ಹೀರಿಕೊಳ್ಳೋಕೆ ಬಿಡಲ್ಲ. ಮೊಳಕೆ ಕಟ್ಟಿಸಿ ಹಿಟ್ಟು ಮಾಡಿದ್ರೆ ಸ್ವಲ್ಪ ವಾಸಿ. ಬೀಟ್‌ರೂಟ್ ಕೆಂಪಗಿರೋದು ಅದರ ಬಣ್ಣ, ಕಬ್ಬಿಣ ಅಲ್ಲ. ಬೆಲ್ಲವನ್ನ ಶುಗರ್ ಇರೋ ಈ ತಾಯಿಗೆ ದಿನಾ ಅಚ್ಚುಗಟ್ಟಲೆ ಕೊಟ್ರೆ ಸಕ್ಕರೆ ಏರಿ ಅದೇ ಆಪರೇಷನ್ ಮುಂದಕ್ಕೆ ಹೋಗುತ್ತೆ. ಸಕ್ಕರೆ ಹತೋಟಿಲಿ ಇಲ್ಲದಿದ್ರೆ ಗಾಯಕ್ಕೆ ಸೋಂಕಿನ ಭಯ ಬೇರೆ.

ಮಾಂಸ ತಿನ್ನೋರಾದ್ರೆ ಲಿವರ್, ಕುರಿ ಮಾಂಸದ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತೆ. ಸಸ್ಯಾಹಾರಿಗಳು ಸೊಪ್ಪು, ಹುರುಳಿ, ಕಾಳಿನ ಬಸ್ಸಾರಿಗೆ ನಿಂಬೆಹಣ್ಣು ಹಿಂಡಲಿ, ಬೆಟ್ಟದ ನೆಲ್ಲಿಕಾಯಿ ತಿನ್ನಲಿ. ಅದರಲ್ಲಿರೋ ವಿಟಮಿನ್ ಸಿ ಕಬ್ಬಿಣ ಹೀರೋಕೆ ಸಹಾಯ ಮಾಡುತ್ತೆ. ಊಟ ಆದ ತಕ್ಷಣ ಕಾಫಿ, ಟೀ ಬೇಡ.

ಮಾತ್ರೆ ಬಗ್ಗೆ ಒಂದು ಮಾತು. ಮಂಡಿ ನೋವಿನವರೆಲ್ಲ ಕ್ಯಾಲ್ಸಿಯಂ ನುಂಗ್ತಾರೆ, ಕಬ್ಬಿಣದ ಮಾತ್ರೆನೂ ಅದರ ಜೊತೆಗೇ ಒಂದೇ ಲೋಟ ನೀರಲ್ಲಿ ನುಂಗಿಬಿಡ್ತಾರೆ. ಎರಡೂ ಒಂದಕ್ಕೊಂದು ಅಡ್ಡ. ಒಂದು ಬೆಳಿಗ್ಗೆಗಾದ್ರೆ ಇನ್ನೊಂದು ರಾತ್ರಿಗೆ ಇರಲಿ. ಮಾತ್ರೆ ತಗೊಂಡು ಹೊಟ್ಟೆ ಉರಿ, ಮಲಬದ್ಧತೆ ಆದ್ರೆ ನಿಲ್ಲಿಸಬೇಡಿ, ದಿನ ಬಿಟ್ಟು ದಿನ ತಗೋಬಹುದಾ ಅಂತ ಡಾಕ್ಟರ್ ಕೇಳಿ. ಹಾಗೆ ತಗೊಂಡಾಗ ಪ್ರತಿ ಮಾತ್ರೆಯಿಂದ ಮೈ ಹೀರಿಕೊಳ್ಳೋ ಪಾಲು ಹೆಚ್ಚು.

ವಿಜಯನಗರ ಮಗ:
ಒಳ್ಳೇ ಚರ್ಚೆ. ನನ್ನದೂ ಒಂದು ಪ್ರಶ್ನೆ ಸೇರಿಸ್ತೀನಿ ಸರ್. ಅಪ್ಪನಿಗೂ ಮಂಡಿ ಆಪರೇಷನ್ ಗೊತ್ತಾಗಿದೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡೋಕೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಇದೆ. ರಕ್ತ ಹೆಚ್ಚು ಹೋಗದ ಹಾಗೆ ಟ್ರಾನೆಕ್ಸಾಮಿಕ್ ಆಸಿಡ್ ಅಂತ ಇಂಜೆಕ್ಷನ್ ಕೊಡ್ತೀವಿ ಅಂದ್ರು. ಅದು ರಕ್ತ ಹೆಪ್ಪುಗಟ್ಟಿಸೋ ಔಷಧಿ ಅಲ್ವಾ? ಸ್ಟೆಂಟ್ ಮುಚ್ಚಿಹೋದ್ರೆ ಏನು ಗತಿ? ನೆಂಟರೊಬ್ಬರು ರಕ್ತ ತೆಳು ಮಾಡೋ ಮಾತ್ರೆ ಈಗಲೇ ನಿಲ್ಲಿಸಿ ಅಂತಿದ್ದಾರೆ.

ನಿವೃತ್ತ ಅರಿವಳಿಕೆ ವೈದ್ಯ, ಮೈಸೂರು:
ನೆಂಟರ ಮಾತು ಕೇಳಿ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಮೊದಲು ಹೃದಯ ವೈದ್ಯರ ಹತ್ತಿರ ಹೋಗಿ. ಸ್ಟೆಂಟ್ ಹಾಕಿ ಎಷ್ಟು ಕಾಲವಾಗಿದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಕ್ಲೋಪಿಡೋಗ್ರೆಲ್ ಅನ್ನು ಸಾಮಾನ್ಯವಾಗಿ 5ರಿಂದ 7 ದಿನ ಮೊದಲು ನಿಲ್ಲಿಸಿಸುತ್ತಾರೆ. ಸ್ಟೆಂಟ್ ಇರುವವರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್ ಮುಂದುವರಿಸುವುದೇ ಹೆಚ್ಚು. ಸ್ಟೆಂಟ್ ಹೊಸದಾಗಿದ್ದರೆ ಮಂಡಿಯನ್ನೇ ಮುಂದೂಡುತ್ತಾರೆ.

ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈ ಚರ್ಚೆಗೆ ಅದೇ ಮುಖ್ಯ. 1960ರ ದಶಕದಲ್ಲಿ ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೋಸುಕೆ ಒಕಾಮೊಟೊ ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ತಡೆಯಬೇಕೆಂದು ಹುಡುಕಿ ಕಂಡುಹಿಡಿದದ್ದು ಇದು. ಮುಟ್ಟಿನ ಅತಿಸ್ರಾವಕ್ಕೆ ಇದೇ ಔಷಧಿಯನ್ನು ಮಾತ್ರೆಯಾಗಿ ಕೊಡುತ್ತಾರೆ, ಮನೆಯ ಹೆಂಗಸರಿಗೆ ಪರಿಚಯವಿರಬಹುದು. ಗಾಯವಾದಲ್ಲಿ ಮೈ ಫೈಬ್ರಿನ್ ಎಳೆಗಳಿಂದ ಹೆಪ್ಪು ಕಟ್ಟುತ್ತದೆ. ಅದರ ಹಿಂದೆಯೇ ಪ್ಲಾಸ್ಮಿನ್ ಎಂಬ ಕಿಣ್ವ ಅದನ್ನು ಕರಗಿಸಲು ಬರುತ್ತದೆ. ದೊಡ್ಡ ಆಪರೇಷನ್ ಆದಾಗ, ತೊಡೆಯ ಪಟ್ಟಿ ಬಿಚ್ಚಿದಾಗ ಈ ಕರಗಿಸುವ ಕೆಲಸ ಜೋರಾಗುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಹೊಸದಾಗಿ ಹೆಪ್ಪು ಕಟ್ಟಿಸುವುದಿಲ್ಲ, ಕಟ್ಟಿದ ಹೆಪ್ಪು ಅವಸರದಲ್ಲಿ ಕರಗದಂತೆ ತಡೆಯುತ್ತದೆ.

ಕೊಯ್ಯುವ ಮೊದಲು ರಕ್ತನಾಳಕ್ಕೆ 1 ಗ್ರಾಂ ಅಥವಾ ಕೆಜಿಗೆ 10ರಿಂದ 15 ಮಿಲಿಗ್ರಾಂ ಕೊಡುವುದು ರೂಢಿ, ಕೆಲವರು ಹೊಲಿಯುವಾಗ ಇನ್ನೊಮ್ಮೆ ಕೊಡುತ್ತಾರೆ. ಕೀಲಿನೊಳಕ್ಕೆ ನೇರವಾಗಿ ಹಾಕುವುದೂ ಉಂಟು. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಂಡಿ ಆಪರೇಷನ್‌ನಲ್ಲಿ ರಕ್ತ ಹಾಕುವ ಪ್ರಮಾಣ ಅರ್ಧಕ್ಕಿಂತಲೂ ಕೆಳಗೆ ಇಳಿದಿದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಇದರಿಂದ ಹೆಚ್ಚಿದ್ದು ಕಂಡುಬಂದಿಲ್ಲ. ಬೆಲೆಯೂ ಒಂದು ಬಾಟಲ್ ರಕ್ತದ ಖರ್ಚಿಗೆ ಹೋಲಿಸಿದರೆ ಏನೂ ಅಲ್ಲ. ನನ್ನ ವೃತ್ತಿಯ ಕೊನೆಯ ವರ್ಷಗಳಲ್ಲಿ ಮಂಡಿ ರೋಗಿಗಳಿಗೆ ರಕ್ತ ಹಾಕುವುದು ಇಷ್ಟು ಕಡಿಮೆಯಾದದ್ದನ್ನು ಕಂಡು ನನಗೇ ಆಶ್ಚರ್ಯವಾಗಿತ್ತು. ಆದರೂ ಫಿಟ್ಸ್ ಇರುವವರು, ಈಗಾಗಲೇ ಕಾಲಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದವರು, ಕಿಡ್ನಿ ತೊಂದರೆ ಇರುವವರು ತಪ್ಪದೆ ಮೊದಲೇ ಹೇಳಬೇಕು. ನಿಮ್ಮ ತಂದೆಯಂಥವರ ವಿಷಯದಲ್ಲಿ ಹೃದಯ ವೈದ್ಯರು, ಅರಿವಳಿಕೆಯವರು, ಮೂಳೆಯವರು ಮೂವರೂ ಮಾತಾಡಿಕೊಂಡು ತೀರ್ಮಾನಿಸಲಿ. ಕೀಲಿನೊಳಗೆ ಮಾತ್ರ ಹಾಕುವ ದಾರಿಯೂ ಇದೆ.

ಸರಸ್ವತೀಪುರಂ ವಾಸಿ:
ಡಾಕ್ಟರೇ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈಗೆಲ್ಲ ಎಚ್‌ಬಿ 7ಕ್ಕೋ 8ಕ್ಕೋ ಇಳಿದ್ರೆ ಮಾತ್ರ ರಕ್ತ ಹಾಕ್ತಾರಂತೆ. ಅಲ್ಲಿ ತನಕ ಕಾಯೋದು ಅಂದ್ರೆ ವಯಸ್ಸಾದೋರಿಗೆ ಅಪಾಯ ಅಲ್ವಾ? 10ಕ್ಕಿಂತ ಕೆಳಗೆ ಬಂದ ಕೂಡ್ಲೇ ಹಾಕಿಬಿಟ್ರೆ ಶಕ್ತಿ ಬರುತ್ತಲ್ಲ?

ನಿವೃತ್ತ ಅರಿವಳಿಕೆ ವೈದ್ಯ, ಮೈಸೂರು:
ನಾವು ಓದುವಾಗಲೂ 10 ಎಂಬುದೇ ಗೆರೆಯಾಗಿತ್ತು. ಅದನ್ನು ಪರೀಕ್ಷಿಸಿಯೇ ಕೆಳಗಿಳಿಸಿದ್ದಾರೆ. 2011ರಲ್ಲಿ ಪ್ರಕಟವಾದ ಫೋಕಸ್ ಅಧ್ಯಯನದಲ್ಲಿ ಸೊಂಟದ ಮೂಳೆ ಮುರಿದು ಆಪರೇಷನ್ ಆದ, ಹೃದಯ ಕಾಯಿಲೆ ಇರುವ ಅಥವಾ ಅದರ ಅಪಾಯವಿರುವ 2,016 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 10ಕ್ಕಿಂತ ಇಳಿದಾಗ ರಕ್ತ, ಇನ್ನೊಂದಕ್ಕೆ 8ಕ್ಕಿಂತ ಇಳಿದಾಗ ಅಥವಾ ತೊಂದರೆಯ ಲಕ್ಷಣ ಕಂಡಾಗ ಮಾತ್ರ. 60 ದಿನದ ನಂತರ ಸಾವಿನಲ್ಲಾಗಲಿ, ಯಾರ ನೆರವೂ ಇಲ್ಲದೆ ಕೋಣೆಯಲ್ಲಿ ನಡೆಯುವುದರಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಬೇಗ ರಕ್ತ ಹಾಕಿದರೆ ಬೇಗ ನಡೆಯುತ್ತಾರೆ ಎಂಬುದು ಅಲ್ಲಿ ಸಾಬೀತಾಗಲಿಲ್ಲ. ಈಗ ಮೂಳೆ ಆಪರೇಷನ್ ಆದವರಿಗೆ, ಹೃದಯ ಕಾಯಿಲೆ ಇರುವವರಿಗೆ 8, ಉಳಿದ ಸ್ಥಿರವಾಗಿರುವ ರೋಗಿಗಳಿಗೆ 7 ಎಂಬ ಗೆರೆ ಬಳಕೆಯಲ್ಲಿದೆ. ಎದೆನೋವು, ಮಲಗಿದ್ದಾಗಲೂ ಏರಿದ ನಾಡಿ, ದ್ರವ ಕೊಟ್ಟರೂ ಏಳದ ಬಿಪಿ ಇದ್ದರೆ ಅಂಕಿಗೆ ಕಾಯುವುದಿಲ್ಲ.

ನಿಮ್ಮ ಅತ್ತೆಯವರಿಗೆ ಎರಡೂ ಕಾಲು ಒಟ್ಟಿಗೆ ಮಾಡಿದ್ದಾರೆ. ಅಲ್ಲಿ ನಷ್ಟ ಹೆಚ್ಚುಕಡಿಮೆ ಇಮ್ಮಡಿ, ರಕ್ತ ಬೇಕಾಗಿರಬಹುದು, ಆಗ ಹಾಕಿದ್ದೇ ಸರಿ. ನಾನು ರಕ್ತದ ವಿರೋಧಿಯಲ್ಲ, ರಕ್ತದಿಂದ ಬದುಕಿದವರನ್ನು ಎಷ್ಟೋ ನೋಡಿದ್ದೇನೆ. ಆದರೆ ಬೇಡದ ರಕ್ತಕ್ಕೂ ಬೆಲೆಯಿದೆ. ನಡುಕ ಜ್ವರ ಒಂದು. ವಯಸ್ಸಾದವರ ಹೃದಯಕ್ಕೆ ಭಾರವಾಗಿ ಶ್ವಾಸಕೋಶದಲ್ಲಿ ನೀರು ತುಂಬುವುದು ಅದಕ್ಕಿಂತ ದೊಡ್ಡದು. ರಕ್ತ ಹಾಕಿಸಿಕೊಂಡವರಲ್ಲಿ ಹೊಸ ಕೀಲಿಗೆ ಸೋಂಕು ತಗಲುವುದು ಹೆಚ್ಚು ಎಂದೂ ಕಂಡಿದ್ದಾರೆ. ಬೇಕಾದಾಗಲೂ ಒಂದು ಬಾಟಲ್ ಹಾಕಿ, ಮತ್ತೆ ಪರೀಕ್ಷಿಸಿ, ಆಮೇಲೆ ಎರಡನೆಯದರ ಯೋಚನೆ ಮಾಡಬೇಕು. ಒಂದು ಬಾಟಲ್ ಎಚ್‌ಬಿಯನ್ನು ಸುಮಾರು 1 ಗ್ರಾಂ ಏರಿಸುತ್ತದೆ.

ರಕ್ತದಾನ ಶಿಬಿರದವನು, ಮೈಸೂರು:
ನನ್ನದೊಂದು ಕಳಕಳಿ. ಮಾರ್ಚ್ ಮುಗಿದು ಕಾಲೇಜುಗಳಿಗೆ ರಜೆ ಬಂತು ಅಂದ್ರೆ ಶಿಬಿರಗಳು ನಿಂತು ರಕ್ತದ ಕೊರತೆ ಶುರು. ಆ ಹೊತ್ತಲ್ಲೇ ಚೆಲುವಾಂಬ ಆಸ್ಪತ್ರೇಲಿ ಹೆರಿಗೆಯಾದ ತಾಯಿಗೆ, ಕೆ.ಆರ್. ಆಸ್ಪತ್ರೇಲಿ ರಸ್ತೆ ಅಪಘಾತದವರಿಗೆ, ಥಲಸೀಮಿಯಾ ಮಕ್ಕಳಿಗೆ ರಕ್ತ ಬೇಕಾಗಿರುತ್ತೆ. ಮೊದಲೇ ಯೋಜನೆ ಮಾಡೋಕೆ ಆಗುವಂಥ ಆಪರೇಷನ್‌ನಲ್ಲಿ ಉಳಿಸಿದ ಒಂದೊಂದು ಬಾಟಲೂ ಅವರಿಗೆ ಸಿಗುತ್ತೆ. ಗ್ರೂಪ್ ನೋಡಿ ಆಂಟಿಬಾಡಿ ಪರೀಕ್ಷೆ ಮಾಡಿಟ್ಟುಕೊಂಡು, ಬೇಕಾದ್ರೆ ಮಾತ್ರ ತರಿಸೋ ಏರ್ಪಾಡಿದ್ರೆ ಬಾಟಲನ್ನ ಒಬ್ಬರ ಹೆಸರಿಗೆ ಕಟ್ಟಿಡೋ ಅಗತ್ಯವಿಲ್ಲ. ಮಳವಳ್ಳಿ ತಂಗಿ, ನಿಮ್ಮ ಆಸ್ಪತ್ರೇಲಿ ಇದನ್ನ ಕೇಳಿ ನೋಡಿ. ಡೋನರ್ ಸಿಗ್ತಿಲ್ಲ ಅಂದ್ರೂ ಇಲ್ಲೇ ಬರೀರಿ, ನಮ್ಮ ಹುಡುಗರು ಬರ್ತಾರೆ.

ಫಿಸಿಯೋ, ಮಂಡ್ಯ:
ಆಪರೇಷನ್ ಆದ ಮೇಲೆ ತೊಡೆಯಿಂದ ಮೀನಖಂಡದ ತನಕ ನೀಲಿಗಟ್ಟೋದು ಒಳಗೆ ಇಂಗಿದ ರಕ್ತ, ಹೆದರಬೇಡಿ. ಐಸ್ ಪ್ಯಾಕ್, ಬಿಗಿ ಬ್ಯಾಂಡೇಜು, ಕಾಲು ಎತ್ತರದಲ್ಲಿ ಇಡೋದು ಊತಕ್ಕೆ ಒಳ್ಳೇದು. ಮೊದಲ ಸಲ ನಿಲ್ಲಿಸುವಾಗ ತಲೆ ಸುತ್ತು ಬರಬಹುದು. ಹಾಸಿಗೆ ಅಂಚಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಆಮೇಲೆ ಎಬ್ಬಿಸಿ. ಮೀನಖಂಡ ಕಲ್ಲಿನಂಗೆ ಗಟ್ಟಿಯಾಗಿ ನೋವಾದ್ರೆ, ಉಸಿರು ಕಟ್ಟಿದ್ರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮಳವಳ್ಳಿ ಮಗಳು (ಕೆಲವು ವಾರಗಳ ನಂತರ):
ಎಲ್ಲರಿಗೂ ಕೈಮುಗಿದು ಹೇಳ್ತಿದೀನಿ, ಅವ್ವನ ಆಪರೇಷನ್ ಆಯ್ತು, ರಕ್ತ ಹಾಕಲಿಲ್ಲ. ಮೂಳೆ ಡಾಕ್ಟರ್ ಹತ್ರ ಇಲ್ಲಿ ಹೇಳಿದ್ದನ್ನೆಲ್ಲ ಬರ್ಕೊಂಡು ಹೋಗಿ ಕೇಳಿದೆ, ಅವರು ಸಮಾಧಾನವಾಗಿ ಕೇಳಿಸ್ಕೊಂಡು ಡೇಟ್ ಮುಂದಕ್ಕೆ ಹಾಕಿದ್ರು. ಫೆರಿಟಿನ್ 8 ಬಂತು. ಎಂಡೋಸ್ಕೋಪಿಲಿ ಹೊಟ್ಟೆ ಒಳಗೆ ಹುಣ್ಣು ಕಾಣಿಸ್ತು, ಡೈಕ್ಲೋಫೆನಾಕ್ ಪೂರ್ತಿ ನಿಲ್ಲಿಸಿ ಪ್ಯಾರಾಸಿಟಮಾಲ್ ಕೊಟ್ರು, ಹುಣ್ಣಿಗೂ ಔಷಧಿ ಆಯ್ತು. ಮಾತ್ರೆಯಿಂದ ಬೇಗ ಏರಲ್ಲ ಅಂತ ಕಬ್ಬಿಣದ ಡ್ರಿಪ್ ಹಾಕಿದ್ರು, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ 1,000 ಮಿಲಿಗ್ರಾಂ. ಮುಗಿದ ಮೇಲೂ ಅರ್ಧ ಗಂಟೆ ಕೂರಿಸಿ ನೋಡಿ ಕಳಿಸಿದ್ರು. ಬಿ12 ಕೂಡ ಕಮ್ಮಿ ಇತ್ತು, ಇಂಜೆಕ್ಷನ್ ಕೊಟ್ರು. ಆಪರೇಷನ್ ಹೊತ್ತಿಗೆ ಎಚ್‌ಬಿ 12.3. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ರು, ಟ್ರಾನೆಕ್ಸಾಮಿಕ್ ಕೊಟ್ಟಿದ್ರು, ಗಾಯದ ರಕ್ತ ಹೊರಗೆ ಹರಿಸೋ ಡ್ರೈನ್ ಪೈಪು ಇಡಲಿಲ್ಲ. ಮೂರನೇ ದಿನ 10.1. ಅವ್ವ ವಾಕರ್ ಹಿಡ್ಕೊಂಡು ಬಾತ್‌ರೂಮಿಗೆ ಹೋಗ್ತಿದ್ದಾರೆ. ಎಡಗಾಲಿಗೆ ಯಾವಾಗ ಅಂತ ಈಗ ಅವರೇ ಕೇಳ್ತಿದ್ದಾರೆ! ಅದಕ್ಕೆ ಈಗಿಂದಲೇ ಕಬ್ಬಿಣದ ಮಾತ್ರೆ ಶುರು ಮಾಡಬಹುದಾ ಸರ್?

ನಿವೃತ್ತ ಅರಿವಳಿಕೆ ವೈದ್ಯ, ಮೈಸೂರು:
ಬಹಳ ಸಂತೋಷವಾಯಿತಮ್ಮ. ಆಪರೇಷನ್ ಆದ ಮೊದಲ ಕೆಲವು ವಾರ ಮೈಯಲ್ಲಿ ಉರಿಯೂತವಿರುತ್ತದೆ. ಆಗ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಕರುಳಿನಿಂದ ಕಬ್ಬಿಣ ಒಳಗೆ ಹೋಗದಂತೆ ತಡೆಯುತ್ತದೆ, ಮಾತ್ರೆಯಿಂದ ಹೊಟ್ಟೆ ಕೆಡುವುದೇ ಹೆಚ್ಚು. ಡ್ರಿಪ್ಪಿನಲ್ಲಿ ಹೋದ ಕಬ್ಬಿಣ ಇನ್ನೂ ದಾಸ್ತಾನಿನಲ್ಲಿರಬಹುದು. ಆರು ವಾರದ ತಪಾಸಣೆಗೆ ಹೋದಾಗ ಸಿಬಿಸಿ, ಫೆರಿಟಿನ್ ಮಾಡಿಸಿ, ಎಚ್‌ಬಿ 13ರ ಹತ್ತಿರ ಬಂದ ಮೇಲೆ ಎಡಗಾಲಿನ ದಿನಾಂಕ ಕೇಳಿ. ಹುಣ್ಣು ಮಾಗಿದೆಯೇ ಎಂಬುದನ್ನೂ ಖಚಿತ ಮಾಡಿಕೊಳ್ಳಿ. ಕಾಲು ನೋವೆಂದು ಯಾರಾದರೂ ಹಳೆಯ ಮಾತ್ರೆ ತಂದುಕೊಟ್ಟರೆ ಬೇಡ ಅನ್ನಿ.

ಪಾಂಡವಪುರ ರೈತ:
ನಮ್ ಮನೆಯವರಿಗೂ ಮಂಡಿ ನೋವು, ಅದೇ ಮೆಡಿಕಲ್ ಸ್ಟೋರ್ ಮಾತ್ರೆ. ಇದನ್ನೆಲ್ಲ ಓದಿದ ಮೇಲೆ ನಾಳೆನೇ ಮಂಡ್ಯಕ್ಕೆ ಕರ್ಕೊಂಡು ಬಂದು ರಕ್ತ ಚೆಕ್ ಮಾಡಿಸ್ತೀನಿ. ಖಾಲಿ ಹೊಟ್ಟೇಲಿ ಬರಬೇಕಾ?

ಲ್ಯಾಬ್ ಕೆಲಸದವನು, ಮಂಡ್ಯ:
ಸಿಬಿಸಿ, ಫೆರಿಟಿನ್ ಅಷ್ಟೇ ಆದ್ರೆ ತಿಂಡಿ ತಿಂದೇ ಬರಲಿ ಅಣ್ಣ. ಸೀರಂ ಐರನ್ನೂ ಬರೆದಿದ್ರೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬರೋದು ಒಳ್ಳೇದು, ಕಬ್ಬಿಣದ ಮಾತ್ರೆ ನುಂಗ್ತಿದ್ರೆ ಹಿಂದಿನ ದಿನದಿಂದ ಬಿಡಲಿ. ನುಂಗೋ ಮಾತ್ರೆ ಚೀಟಿಗಳನ್ನೆಲ್ಲ ಒಂದು ಕವರಲ್ಲಿ ಹಾಕ್ಕೊಂಡು ಬನ್ನಿ, ಡಾಕ್ಟರ್‌ಗೆ ತೋರಿಸೋಕೆ ಬೇಕಾಗುತ್ತೆ.